ತುತ್ತಿಡುವ ಮುನ್ನ



ಕಳೆದ ಶ್ರಾವಣದಲ್ಲಿ ನಾವು ಪರಿಚಿತ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಮನೆಯ ಹಿರಿಯರಿಗೆ ಪಾರ್ಶ್ವವಾಯು ಬಡಿದು, ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು. ಮಾವನವರು ಹಸಿದಿರಬಾರದೆಂಬ ಕಳಕಳಿಯಿಂದ ಸೊಸೆಯು ಅವರನ್ನು ಮಲಗಿಸಿದಲ್ಲಿಯೇ ಚಮಚದಿಂದ ನೀರು, ಹಾಲು ಹನಿಸುತ್ತಿದ್ದರು. ಹಿರಿಯರು ಕೆಮ್ಮಿದರು. ಆ ತಾಯಿ ಎದೆ ಸವರಿ ಮತ್ತೆ ಹನಿಸಿದರು. ನಾವೂ ಅದನ್ನು ಸೇವೆಯೆಂದೇ ಮೆಚ್ಚಿ ಕುಳಿತಿದ್ದೆವು. ನಾಲ್ಕು ದಿನಗಳಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಆ ಕೆಮ್ಮೇ ಎಚ್ಚರಿಕೆಯಾಗಿತ್ತೆಂದು ವೈದ್ಯರು ಹೇಳಿದಾಗ ನಾವು ತಲೆ ತಗ್ಗಿಸಿದೆವು.

ಪಾರ್ಶ್ವವಾಯು ಬಡಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ದಿನಗಳಲ್ಲಿ ನುಂಗುವ ಶಕ್ತಿ ಕುಂದಿರುತ್ತದೆ. ಅನ್ನನಾಳಕ್ಕೆ ಇಳಿಯಬೇಕಾದುದು ಶ್ವಾಸನಾಳಕ್ಕೆ ಜಾರುತ್ತದೆ. ಕೆಲವರಿಗೆ ಕೆಮ್ಮೂ ಬಾರದು. ನುಂಗಿದ ಮೇಲೆ ಧ್ವನಿ ಗೊರಗೊರ ಎನ್ನುವುದೊಂದೇ ಗುರುತಾಗಬಹುದು. ಆದಕಾರಣ ತೀರ್ಥವಾಗಲಿ, ಮಾತ್ರೆಯಾಗಲಿ, ನುಂಗುವ ಪರೀಕ್ಷೆ ಮುಗಿಯುವವರೆಗೆ ಬಾಯಿಗೆ ಏನನ್ನೂ ಹಾಕಲಾಗದು. ವೈದ್ಯರು ಮೂಗಿನ ನಳಿಕೆಯಿಂದ ಆಹಾರ ಕೊಟ್ಟರೆ ಹೆದರಬೇಡಿ; ಅನೇಕರಿಗೆ ಕೆಲವೇ ವಾರಗಳಲ್ಲಿ ನುಂಗುವ ಶಕ್ತಿ ಮರಳುತ್ತದೆ.

ಅಪ್ಪಣೆ ದೊರೆತ ಮೇಲೆ ರೋಗಿಯನ್ನು ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ವಾಲದಂತೆ ನೋಡಿಕೊಂಡು, ಅರ್ಧ ಚಮಚದಷ್ಟೇ ಉಣಿಸಬೇಕು. ಒಂದು ತುತ್ತು ಇಳಿದ ಮೇಲೆಯೇ ಮತ್ತೊಂದು. ಸ್ವಾಧೀನ ತಪ್ಪಿದ ಕಡೆಯ ಕೆನ್ನೆಯಲ್ಲಿ ಅನ್ನ ಉಳಿದಿದೆಯೇ ಎಂದು ನೋಡಬೇಕು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಬಾಯಿಯನ್ನು ಬೆಳಿಗ್ಗೆ, ರಾತ್ರಿ ಶುಚಿಗೊಳಿಸಬೇಕು.

ಒಣರೊಟ್ಟಿಯ ಚೂರು, ಚುರುಮುರಿ, ಅಗುಳು ತೇಲುವ ತಿಳಿಸಾರು ಆಗ ಸಲ್ಲವು. ವೈದ್ಯರು ಹೇಳಿದ ಹದಕ್ಕೆ ಗಟ್ಟಿಯಾದ ಅಂಬಲಿ, ನುಣ್ಣಗೆ ಮಸೆದ ಬೇಳೆ-ಅನ್ನ, ಮೊಸರು ಇವುಗಳನ್ನು ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಹಾಸಿಗೆ ಹಿಡಿದ ದೇಹದ ಮಾಂಸಖಂಡ ಕರಗುವುದರಿಂದ ಬೇಳೆ, ಮೊಸರುಗಳಲ್ಲಿರುವ ಪ್ರೋಟೀನ್ ಅಗತ್ಯ. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆಯಿದ್ದವರ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಉಪ್ಪು ದಿನಕ್ಕೆ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ ದೂರವಿರಲಿ. ಏರಿದ ರಕ್ತದೊತ್ತಡ ಮತ್ತೊಂದು ಆಘಾತವನ್ನು ಕರೆತಂದೀತು.

ದುಬಾರಿ ಡಬ್ಬಿಯ ಪುಡಿ ಎಲ್ಲರಿಗೂ ಬೇಕಿಲ್ಲ. 4,000ಕ್ಕೂ ಹೆಚ್ಚು ರೋಗಿಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವು, ಎಲ್ಲರಿಗೂ ಪೂರಕ ಆಹಾರ ಕೊಡುವುದರಿಂದ ವಿಶೇಷ ಲಾಭ ಕಾಣಲಿಲ್ಲವೆಂದು ತಿಳಿಸಿತು. ಕೃಶರಾದವರಿಗೆ ಮಾತ್ರ ವೈದ್ಯರ ಸಲಹೆಯಂತೆ ಕೊಡತಕ್ಕದ್ದು.

ಆ ಹಿರಿಯರು ಗುರುಕೃಪೆಯಿಂದಲೂ ವೈದ್ಯರ ಶ್ರಮದಿಂದಲೂ ಉಳಿದರು. ಈಗ ಅದೇ ಸೊಸೆ ಅವರನ್ನು ಕೂರಿಸಿ, ಇಳಿಯಿತೇ ಎಂದು ಕೇಳಿ ಮತ್ತೊಂದು ಚಮಚ ಎತ್ತುತ್ತಾರೆ. ಹಸಿದವರಿಗೆ ಉಣಿಸುವುದು ಎಂತಹ ಸೇವೆಯೋ, ಉಣಿಸುವ ಮುನ್ನ ತಡೆದು ನೋಡುವುದೂ ಅಂತಹುದೇ ಸೇವೆ.