ಹಳೆಯದಾದದ್ದು ಯಂತ್ರವೋ, ಫೈಲೋ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದ ವಿಂಡೋಸ್ 11 ಎಲ್ಲ ಕಂಪ್ಯೂಟರಿಗೂ ಒಗ್ಗುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅದರ ಮುಂದಿನದೋ ಇರಬೇಕು. ಅಂದರೆ 2017ಕ್ಕಿಂತ ಮುಂಚೆ ಕೊಂಡವು ಬಹುಪಾಲು ಹೊರಗುಳಿದವು. ಹಾನಗಲ್ಲಿನಂಥ ತಾಲ್ಲೂಕು ಊರಿನಲ್ಲಿ ಅರ್ಜಿ, ಅಫಿಡವಿಟ್, ಲಗ್ನಪತ್ರಿಕೆ ಟೈಪು ಮಾಡಿಕೊಡುವ ಅಂಗಡಿಗಳ ಡೆಸ್ಕ್‌ಟಾಪ್‌ಗಳು ಹೆಚ್ಚಾಗಿ ಈ ಸಾಲಿನವೇ. ಅವೇನೂ ಕೆಟ್ಟು ಕೂತಿಲ್ಲ, ಬೆಳಗಿನಿಂದ ಸಂಜೆಯ ತನಕ ದುಡಿಯುತ್ತಿವೆ. ಎತ್ತಿಗೆ ಮುಪ್ಪು ಬಂತೆಂದು ಹೊಲ ಹೂಡುವವನು ಹೇಳಬೇಕೇ ಹೊರತು ನೊಗ ಮಾರುವವನಲ್ಲ. ಕಂಪ್ಯೂಟರಿನ ಮಟ್ಟಿಗೆ ಈ ಅಧಿಕಾರ ಮಾರುವವನ ಕೈಸೇರಿದೆ.

ಹಾಗಂತ ಆ ತೀರ್ಪನ್ನು ಕಸದಬುಟ್ಟಿಗೆ ಹಾಕುವಂತಿಲ್ಲ. ಭದ್ರತೆಯ ತೇಪೆ ಬರುವುದು ನಿಂತ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಹಚ್ಚಿದರೆ ಅಪಾಯ ನಿಜ. ಆ ಅಪಾಯ ಅಂಗಡಿಯವನೊಬ್ಬನದೇ ಆಗಿದ್ದರೆ ಅವನಿಷ್ಟ ಎನ್ನಬಹುದಿತ್ತು. ಆದರೆ ಅಲ್ಲಿ ಸ್ಕ್ಯಾನ್ ಆಗುವುದು ಊರವರ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಹೊಲದ ಉತಾರ. ಬೆಳೆ ವಿಮೆಗೆ ಗಡುವು ಬಂತೆಂದು ಓಡಿಬಂದ ರೈತ ‘ನಿಮ್ಮ ವಿಂಡೋಸ್ ಯಾವುದು’ ಎಂದು ಕೇಳುವುದಿಲ್ಲ. ಕೇಳಬೇಕಾದ್ದೂ ಅವನಲ್ಲ.

ವಿಂಡೋಸ್ 11ನ್ನು ಬಲವಂತವಾಗಿ ತುರುಕುವ ದಾರಿಯೂ ಇದೆ. ಯಂತ್ರದ ಅರ್ಹತೆಯ ಪರೀಕ್ಷೆಯನ್ನು ದಾಟಿಸುವ ಉಪಾಯಗಳು ರಿಪೇರಿಯವರಿಗೆ ಬಾಯಿಪಾಠ. ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪ್ರೊಸೆಸರಿನಲ್ಲೇ ಇರಬೇಕಾದ ಕೆಲವು ಆದೇಶಗಳು ಬೇಕು. ಕೋರ್ 2 ಡ್ಯುಯೋ ಕಾಲದ ಯಂತ್ರಗಳಲ್ಲಿ ಅವಿಲ್ಲ, ಹಾಗಾಗಿ ಅಲ್ಲಿ ಅದು ಏಳುವುದೇ ಇಲ್ಲ. ಎದ್ದ ಯಂತ್ರಗಳಿಗೂ ಮುಂದೆ ಅಪ್‌ಡೇಟ್ ಸಿಗುವ ಖಾತ್ರಿಯನ್ನು ಕಂಪನಿ ಕೊಟ್ಟಿಲ್ಲ. ಯಾವ ಭದ್ರತೆಗಾಗಿ ಇಷ್ಟೆಲ್ಲ ಪಡಿಪಾಟಲೋ ಅದೇ ಇಲ್ಲದ ಮೇಲೆ ಬಂದದ್ದು ಹೊಸ ಮೋರೆ ಮಾತ್ರ. ಉಳಿದದ್ದು ವಿಂಡೋಸ್ 10ಕ್ಕೇ ಸಿಗುವ ಹೆಚ್ಚುವರಿ ತೇಪೆ. ಮನೆಬಳಕೆಯವರಿಗೆ ಅದು 2026ರ ಅಕ್ಟೋಬರ್ 13ರ ತನಕ ಎಂದು ಘೋಷಣೆಯಾಗಿತ್ತು. ಒಂದು ವರ್ಷದ ವಾಯಿದೆ, ಅಷ್ಟೆ.

‘ಚಲೋ ಇತ್ರಿ, ಅಪ್‌ಡೇಟ್ ಹಾಕಿದ್ದ ತಡ ಕೆಟ್ಟು ಕೂತೈತಿ’ ಎಂದು ರಿಪೇರಿಗೆ ಬರುವ ದೂರಿನ ಹಿಂದೆ ಎಷ್ಟೋ ಸಲ ಅಪ್‌ಡೇಟಿನ ತಪ್ಪೇ ಇರುವುದಿಲ್ಲ. ಮದರ್‌ಬೋರ್ಡಿನ ಮೇಲೆ 2032 ಎಂದು ಬರೆದ ನಾಣ್ಯದಗಲದ ಸೆಲ್ಲೊಂದಿರುತ್ತದೆ. ಕರೆಂಟು ಇಲ್ಲದಾಗ ಗಡಿಯಾರವನ್ನು ಕಾಯುವುದು ಅದೇ. ರಾತ್ರಿ ಬಾಗಿಲು ಹಾಕುವಾಗ ಅಂಗಡಿಯ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುವ ನಮ್ಮ ಕಡೆ ಅದು ಬೇಗ ಸೊರಗುತ್ತದೆ. ಸೊರಗಿದ ಮೇಲೆ ತಾರೀಖು ಯಂತ್ರ ಹುಟ್ಟಿದ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಗಳಿಗೆ ಅವಧಿಯುಂಟು, ತಾರೀಖು ಹಿಂದಿದ್ದರೆ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ಬ್ರೌಸರು ಬಾಗಿಲು ಹಾಕುತ್ತದೆ, ಅಪ್‌ಡೇಟೂ ಇಳಿಯುವುದಿಲ್ಲ. ಬಯೋಸ್ ಸೆಟ್ಟಿಂಗುಗಳು ಮೊದಲಿನಂತಾಗಿ, ಡಿಸ್ಕ್ ಓದುವ ಬಗೆಯೇ ಬದಲಾಗಿ ವಿಂಡೋಸ್ ಏಳದೆ ಕೂರುವುದೂ ಉಂಟು. ಇಷ್ಟಕ್ಕೆಲ್ಲ ಮದ್ದು ಗಡಿಯಾರದ ಅಂಗಡಿಯಲ್ಲಿ ಸಿಗುವ ಒಂದು ಸೆಲ್ಲು. ಇನ್ನು ‘ಸ್ಲೋ ಆಗೈತಿ’ ಎಂಬ ಗೊಣಗಾಟ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅರ್ಧಕ್ಕರ್ಧ ನಿಲ್ಲುತ್ತದೆ.

ಇವೆಲ್ಲ ಸರಿಹೋದ ಮೇಲೂ ಅಂಗಡಿಯವನು ಹಳೆಯ ವ್ಯವಸ್ಥೆಯನ್ನು ಬಿಡುವುದಿಲ್ಲ. ಕಾರಣ ವಿಂಡೋಸಿನಲ್ಲಿಲ್ಲ, ಅವನ ಫೋಲ್ಡರುಗಳಲ್ಲಿದೆ. ವರ್ಷಗಳಿಂದ ಕೂಡಿಟ್ಟ ಅಫಿಡವಿಟ್ಟಿನ ಮಾದರಿ, ಬಾಡಿಗೆ ಕರಾರು, ಪೇಜ್‌ಮೇಕರಿನ ಲಗ್ನಪತ್ರಿಕೆ ಎಲ್ಲ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ. ಅಲ್ಲಿ ಪರದೆಯ ಮೇಲೆ ‘ಕ’ ಕಂಡರೂ ಫೈಲಿನೊಳಗೆ ಇರುವುದು ಇಂಗ್ಲಿಷಿನ ಪಿ, ಅದರ ಪಕ್ಕ ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ. ಆ ಫಾಂಟು ಇಲ್ಲದ ಕಡೆ ತೆರೆದರೆ ಯಾವ ದೇಶದ್ದೂ ಅಲ್ಲದ ಲಿಪಿ. ಇದನ್ನು ಮೈಕ್ರೋಸಾಫ್ಟಿನ ತಲೆಗೆ ಕಟ್ಟುವಂತಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಎಲ್ಲ ಕಡೆಯೂ ಒಂದೇ ಸಂಕೇತವಾದ ಯುನಿಕೋಡಿನ ಕನ್ನಡವಿತ್ತು, ತುಂಗಾ ಫಾಂಟೂ ಇತ್ತು. ನುಡಿ, ಬರಹ ತಂತ್ರಾಂಶಗಳೆರಡೂ ಯುನಿಕೋಡಿಗೆ ಬಂದವು. ಬಾರದೆ ಉಳಿದವರು ನಾವು: ಪ್ರೆಸ್ಸಿನವರು ಹಳೆಯದನ್ನೇ ಕೇಳಿದರು, ಅಂಗಡಿಯವರು ಅದನ್ನೇ ಕೊಟ್ಟರು.

ಆದ್ದರಿಂದ ಅಪ್‌ಗ್ರೇಡಿನ ಮೊದಲ ಪ್ರಶ್ನೆ ಯಂತ್ರದ್ದಾಗಬಾರದು. ಈ ಅಂಗಡಿ ಏನನ್ನು ಬಿಟ್ಟು ಬದುಕಲಾರದು ಎಂಬುದು ಮೊದಲು ತಿಳಿಯಬೇಕು. ಬೆರಳ ಗುರುತು ಓದುವ ಸಾಧನ ಹಚ್ಚುವ ಕೆಲಸವಿದ್ದರೆ ಸಾಮಾನ್ಯವಾಗಿ ವಿಂಡೋಸ್ ಅಥವಾ ಆಂಡ್ರಾಯ್ಡ್ ಬೇಕಾಗುತ್ತದೆ, ಅದಕ್ಕೆ ಹೊಸ ಯಂತ್ರ ಕೊಳ್ಳುವುದು ನ್ಯಾಯ. ಟೈಪಿಂಗು, ಆನ್‌ಲೈನ್ ಅರ್ಜಿ ಇಷ್ಟೇ ಆದರೆ ಹಳೆಯ ಡೆಸ್ಕ್‌ಟಾಪಿಗೆ ವಿಂಡೋಸಿನ ಬದಲು ಲಿನಕ್ಸ್ ಸಾಕು. ನುಡಿಯಲ್ಲಿ ಪಳಗಿದ ಕೈಗೆ ಕಗಪ ಕೀಲಿಮಣೆ ಅಲ್ಲೂ ಸಿಗುತ್ತದೆ. ಕೇರಳದ ಸರ್ಕಾರಿ ಶಾಲೆಗಳು ಸುಮಾರು ಎರಡು ದಶಕಗಳಿಂದ ಲಿನಕ್ಸಿನಲ್ಲೇ ನಡೆದಿವೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತಿದ್ದಾರೆ. ಮಕ್ಕಳು ಕಲಿತದ್ದನ್ನು ದೊಡ್ಡವರು ಕಲಿಯಲಾರರು ಎನ್ನುವುದು ಬರೀ ನೆಪ.

ಕಷ್ಟವಿರುವುದು ಹಳೆಯ ಫೈಲುಗಳನ್ನು ಯುನಿಕೋಡಿಗೆ ತರುವಲ್ಲಿ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡವೆಂದೇ ಬಗೆದು ಕಲಸಿಬಿಡುತ್ತವೆ, ಅರ್ಕಾವತ್ತಿನಲ್ಲಿ ಎಡವುವುದೂ ಉಂಟು. ಕರಾರುಪತ್ರದ ಹೆಸರು, ಸರ್ವೆ ನಂಬರು, ಚೆಕ್‌ಬಂದಿಗಳನ್ನು ಯಾರಾದರೂ ಕೂತು ಸಾಲುಸಾಲಾಗಿ ಓದಿ ತಾಳೆ ನೋಡಲೇಬೇಕು. ಹೊಸ ಪಿಸಿ ಕೊಳ್ಳುತ್ತೇನೆಂದರೆ ಮುದ್ರಾ ಯೋಜನೆಯಲ್ಲಿ ಸಾಲ ಕೇಳಬಹುದು. ಆದರೆ ಪುಟಕ್ಕಿಷ್ಟು ಎಂದು ದುಡಿಯುವವನು ಈ ಓದಿಗೆ ಕೂತರೆ ಅಷ್ಟು ದಿನದ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ.