ಗುರ್ತಕ್ಕೆ ಒಂದು ನಾಯಿ ಸಾಕಾತು

ನಮ್ಮ ಪೆರಾಬೆ ಹೊಡೆಣ ಹೆಮ್ಮಕ್ಕೊ ಈಗ ಹಪ್ಪಳ, ಮಾಂಬಳ, ಉಪ್ಪಿನಕಾಯಿ ಮಾಡಿ ಮಾರುಲೆ ಹೆರಟಿದವು. ಕೊಶಿಯ ಸಂಗತಿಯೇ. ಆದರೆ ಪೆಕೆಟಿನ ಲೋಗೋ ನೋಡಿರೆ ಹಲಸಿನಹಣ್ಣು, ಅಡಕ್ಕೆಮರ, ದೀಪ, ಸೂರ್ಯ ಎಲ್ಲವೂ ಒಂದರಲ್ಲೇ! ಸಣ್ಣ ಚೀಟಿಲಿ ಅದು ಮಸಿ ಚೆಲ್ಲಿದ ಹಾಂಗೆ ಕಾಣ್ತು.

ಲೋಗೋ ಹೇಳಿರೆ ಓದುಲೆ ಬಾರದ್ದವಕ್ಕೂ ಗುರ್ತ ಸಿಕ್ಕೆಕ್ಕು. 1925ರಲ್ಲಿ ಉಡುಪಿಲಿ ಸುರುವಾದ ಸಿಂಡಿಕೇಟ್ ಬ್ಯಾಂಕಿನ ಗುರ್ತ ಒಂದು ನಾಯಿ. ನಾಯಿಯ ನಿಯತ್ತು ಎಲ್ಲೋರಿಂಗೂ ಗೊಂತಿಪ್ಪದೇ, ಬೇರೆ ವಿವರಣೆ ಬೇಕಾಯಿದಿಲ್ಲೆ. 2020ರಲ್ಲಿ ಬ್ಯಾಂಕು ಕೆನರಾ ಬ್ಯಾಂಕಿನೊಟ್ಟಿಂಗೆ ಸೇರಿತ್ತು, ಬೋರ್ಡುದೇ ಹೋತು. ಎಂಗಳ ಪ್ರಾಯದವಕ್ಕೆ ಆ ನಾಯಿ ಈಗಳೂ ನೆಂಪಿದ್ದು.

ಹಾಂಗಾಗಿ ಒಂದೇ ವಸ್ತು ಮಡುಗಿ. ಹಪ್ಪಳಕ್ಕೆ ಒಂದು ಹಲಸಿನ ಸೊಳೆ ಸಾಕು. ಒಂದೇ ಬಣ್ಣದ ರಬ್ಬರು ಸೀಲಿಲಿ ಒತ್ತಿರೂ ಅದು ಸೊಳೆ ಹೇಳಿ ಗೊಂತಾಯೆಕ್ಕು. ಇನ್ನೊಬ್ಬನದ್ದರ ನೋಡಿ ಕಾಪಿ ಮಾಡೆಡಿ, ವರ್ಷಕ್ಕೊಂದರಿ ಬದಲುಸೆಡಿ.

ಮತ್ತೊಂದು ಮಾತು. ಆ ನಾಯಿಗೆ ಬೆಲೆ ಬಂದದು ಚಿತ್ರಂದ ಮಾಂತ್ರ ಅಲ್ಲ. 1928ರಲ್ಲಿ ಸುರುವಾದ ಪಿಗ್ಮಿಲಿ ಮನೆ ಬಾಗಿಲಿಂಗೇ ಬಂದು ದಿನಕ್ಕೆ ಎರಡಾಣೆ ಆದರೂ ತೆಕ್ಕೊಂಡಿತ್ತಿದ್ದವು. ಹಪ್ಪಳದ ರುಚಿ ತಿಂಗಳಿಂಗೊಂದು ನಮೂನೆ ಆದರೆ ಎಷ್ಟು ಚೆಂದದ ಸೊಳೆ ಬರದರೂ ಜನ ಎರಡನೇ ಸರ್ತಿ ತೆಕ್ಕೊಳ್ಳವು. ನಿಂಗೊ ಎಂತ ಹೇಳ್ತಿ?