ಮುದಿ ನಾಯಿಯ ಬಾಯಿ ತೆರೆದು ನೋಡಿ

ಸಂತೆಯಲ್ಲಿ ದೇವಣಿ ಹೋರಿ ಕೊಳ್ಳುವ ರೈತ ಮೊದಲು ಅದರ ತುಟಿ ಎತ್ತುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡದೆ ದುಡ್ಡು ಬಿಚ್ಚುವುದಿಲ್ಲ. ಹಲ್ಲು ನೋಡುವ ವಿದ್ಯೆ ಬಲ್ಲ ಬೀದರ, ಭಾಲ್ಕಿ, ಔರಾದಿನ ನಾವೇ, ವರ್ಷಗಟ್ಟಲೆ ಹೊಲ ಕಾದ ನಾಯಿಯ ಬಾಯಿಯನ್ನು ಒಮ್ಮೆಯೂ ನೋಡಿರುವುದಿಲ್ಲ. "ಮುದುಕ ಆಗ್ಯಾದ್ರಿ, ಬಾಯಿ ನಾರ್ತದ" ಎಂದು ಅದನ್ನು ಪಡಸಾಲೆಯಿಂದ ಹಿತ್ತಲಿಗೆ ಅಟ್ಟುತ್ತೇವೆ.

ಅಣ್ಣಾ, ಅಕ್ಕಾ, ಆ ನಾತಕ್ಕೆ ಕಾರಣ ರೋಗ. ಹಲ್ಲಿನ ಮೇಲೆ ಕೂತ ಮೆತ್ತನೆಯ ಪೊರೆ ಕೆಲವೇ ದಿನಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರಡಿ ಒಸಡು ಕೀವಾಗಿ ಹಿಂದೆ ಸರಿಯುತ್ತದೆ, ಬೇರು ಹಿಡಿದಿರುವ ಎಲುಬು ಸವೆಯುತ್ತದೆ. ನಾಯಿಯ 42 ಹಲ್ಲುಗಳಲ್ಲಿ ಮೇಲ್ದವಡೆಯ ದೊಡ್ಡ ಹಲ್ಲಿಗೆ ಮೂರು ಬೇರು. ನಾವು ಪ್ರೀತಿಯಿಂದ ಎಸೆದ ಗಟ್ಟಿ ಎಲುಬು ಕಡಿದು ಆ ಹಲ್ಲು ಸೀಳಿದರೆ, ಬೇರಿನಲ್ಲಿ ಕೀವು ಕಟ್ಟಿ ಕಣ್ಣಿನ ಕೆಳಗೆ ಬಾವು ಬರುತ್ತದೆ. ಕಣ್ಣಿಗೇನೋ ತಾಗಿದೆ ಎಂದುಕೊಂಡು ಅರಿಷಿಣ ಹಚ್ಚಿ ಸುಮ್ಮನಾಗುತ್ತೇವೆ. ನಮಗೆ ಹಲ್ಲುನೋವು ಬಂದ ರಾತ್ರಿ ಮನೆಗೆ ಮನೆಯೇ ಎದ್ದು ಕೂರುತ್ತದೆ. ನಾಯಿ ಒಂದೇ ಬದಿಯಲ್ಲಿ ಅಗಿಯುತ್ತದೆ, ಬಾಯಿಗಿಟ್ಟ ಕಡಕ್ ರೊಟ್ಟಿಯನ್ನು ಕೆಳಗೆ ಬಿಡುತ್ತದೆ, ಆದರೂ ನಮ್ಮನ್ನು ಕಂಡು ಬಾಲ ಆಡಿಸುತ್ತದೆ. ಆ ಬಾಲ ನೋಡಿ ಸಮಾಧಾನಪಟ್ಟುಕೊಳ್ಳುವುದು ಅನ್ಯಾಯ.

ಖಾನಾಪುರದ ಮೈಲಾರ ಮಲ್ಲಣ್ಣನ ಸಂಗಡ ನಾಯಿಯಿದೆ. ಭಂಡಾರ ಹಚ್ಚಿಕೊಂಡು ಅವನಿಗೆ ಕೈಮುಗಿದು ಬಂದವರು ಮನೆಯ ನಾಯಿಯ ನೋವಿಗೆ ಬೆನ್ನು ತಿರುಗಿಸಬಹುದೇ?

ವೈದ್ಯರಿಲ್ಲ ಎನ್ನುವಂತೆಯೂ ಇಲ್ಲ. ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಬೀದರದ ನಂದಿನಗರದಲ್ಲಿ, ಪಶುವೈದ್ಯಕೀಯ ಕಾಲೇಜೂ ಅಲ್ಲೇ. ಹಲ್ಲಿನ ಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾಗುತ್ತದೆ. "ಈ ವಯಸ್ಸಿನಾಗ ಅರಿವಳಿಕೆ ತಡಕೊಂತದೇನ್ರಿ?" ಎಂಬ ಹೆದರಿಕೆ ನ್ಯಾಯವಾದದ್ದು. ರಕ್ತ ಪರೀಕ್ಷಿಸಿ, ಹೃದಯ, ಮೂತ್ರಪಿಂಡ, ಯಕೃತ್ತು ನೋಡಿ ವೈದ್ಯರು ತೀರ್ಮಾನಿಸಲಿ. ವಯಸ್ಸಾಯಿತೆಂಬ ಒಂದೇ ನೆಪಕ್ಕೆ ಕೈಬಿಡಬೇಡಿ. ಅಲ್ಲಿಯವರೆಗೆ ರೊಟ್ಟಿ ನೀರಿನಲ್ಲಿ ನೆನೆಸಿ ಹಾಕಿ, ಎಲುಬು ನಿಲ್ಲಿಸಿ. ನಮ್ಮ ಟೂತ್‌ಪೇಸ್ಟ್ ಬೇಡ, ನಾಯಿ ಅದನ್ನು ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿರುವ ಝೈಲಿಟಾಲ್ ನಾಯಿಗೆ ವಿಷ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನಂತೂ ಕೊಡಲೇಬೇಡಿ. ಇನ್ನೊಂದು ಎಚ್ಚರ: ಲಸಿಕೆ ಹಾಕಿಸದ ನಾಯಿ ಜೊಲ್ಲು ಸುರಿಸುತ್ತಾ ನುಂಗಲಾರದೆ ಒದ್ದಾಡುತ್ತಿದ್ದರೆ ಬಾಯಿಗೆ ಕೈ ಹಾಕಬೇಡಿ. ಅದು ರೇಬೀಸ್ ಇರಬಹುದು.

ಔರಾದಿನ ತಾಂಡಾದಿಂದ ಕೂಲಿ ಬಿಟ್ಟು, ಮುದಿ ನಾಯಿ ಹೊತ್ತು ಬೀದರಕ್ಕೆ ಬರುವುದು ಎಷ್ಟು ಕಷ್ಟವೆಂದು ಬಲ್ಲೆ. ಹಾಗಾಗಿ ವೈದ್ಯರಲ್ಲೂ ಬೇಡಿಕೊಳ್ಳುತ್ತೇನೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಂದು ಭಾಲ್ಕಿಯಲ್ಲಿ, ಔರಾದಿನಲ್ಲಿ ಲಸಿಕೆಯ ಜೊತೆಗೆ ಹಲ್ಲಿನ ತಪಾಸಣೆಯನ್ನೂ ಇಡಿ. ಊರವರೇ, ನಿಮ್ಮ ಪಂಚಾಯಿತಿಯಿಂದ ಈಗಲೇ ಅರ್ಜಿ ಬರೆಸಿ. ಕಣ್ಣಿನ ಕೆಳಗೆ ಬಾವು ಬಂದ ನಾಯಿಯಿದ್ದರೆ ಆ ದಿನಕ್ಕಾಗಿ ಕಾಯಬೇಡಿ, ನಾಳೆಯೇ ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.